ಕಾಯಿಲೆ ಬರುವ ಮೊದಲು: ನಿಮ್ಮ ಮನೆ, ಗಾಳಿ, ದಿನಚರಿಯ ತಪಾಸಣೆ ಹೀಗೆ ಮಾಡಿ

1953ರಲ್ಲಿ ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಆ ನಗರದ ಬಸ್ ನೌಕರರ ಹೃದ್ರೋಗದ ಲೆಕ್ಕ ಪ್ರಕಟಿಸಿದರು. ಅವು ಡಬಲ್ ಡೆಕ್ಕರ್ ಬಸ್ಸುಗಳು. ಡ್ರೈವರ್ ಪಾಳಿ ಮುಗಿಯುವವರೆಗೆ ಕೂತೇ ಇರುತ್ತಾನೆ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು, ಬಂದವರಿಗೂ ತಡವಾಗಿ ಬಂದಿತ್ತು. ಗಮನಿಸಬೇಕಾದ್ದೇನೆಂದರೆ ಯಾವ ಕಂಡಕ್ಟರೂ ಆರೋಗ್ಯ ಚೆನ್ನಾಗಿರಲಿ ಎಂದು ಮೆಟ್ಟಿಲು ಹತ್ತಿರಲಿಲ್ಲ. ಟಿಕೆಟ್ ಕೊಡಲು ಹತ್ತಿದ್ದರು, ಅಷ್ಟೆ.

ರೋಗ ತಡೆಯುವುದೆಂದರೆ ಮನಸ್ಸು ಗಟ್ಟಿಮಾಡಿಕೊಳ್ಳುವುದು ಎಂದು ನಾವು ತಿಳಿದಿರುತ್ತೇವೆ. ಹೊಸ ವರ್ಷದ ಮೊದಲ ವಾರ ಗಟ್ಟಿಯಾಗುವ ಮನಸ್ಸು ಮೂರನೇ ವಾರಕ್ಕೆ ಮೆತ್ತಗಾಗುತ್ತದೆ. ಅದಕ್ಕಿಂತ ಸುಲಭದ ದಾರಿ ಸುತ್ತಲಿನ ಏರ್ಪಾಡನ್ನು ಬದಲಿಸುವುದು. ಕೆಳಗಿನ ಹಂತಗಳನ್ನು ಆ ದೃಷ್ಟಿಯಿಂದಲೇ ಜೋಡಿಸಿದ್ದೇನೆ. ಒಂದು ನೋಟ್‌ಪುಸ್ತಕ, ಒಂದು ಅಳತೆ ಟೇಪು, ತೋಳಿಗೆ ಕಟ್ಟುವ ಬಿಪಿ ಯಂತ್ರ ಇದ್ದರೆ ಸಾಕು.

ಹಂತ 1: ಮನೆತನದ ಕಾಯಿಲೆ ಬರೆದಿಡಿ

ಅಪ್ಪ, ಅಮ್ಮ, ಒಡಹುಟ್ಟಿದವರು. ಯಾರಿಗೆ ಏನು ಕಾಯಿಲೆ ಇದೆ ಅಥವಾ ಇತ್ತು, ಎಷ್ಟನೇ ವಯಸ್ಸಿನಲ್ಲಿ ಶುರುವಾಯಿತು ಎಂದು ಕೇಳಿ ಬರೆದುಕೊಳ್ಳಿ. ಕಾಯಿಲೆಯ ಹೆಸರಿನಷ್ಟೇ ಆ ವಯಸ್ಸೂ ಮುಖ್ಯ. ಅಪ್ಪನಿಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲು, ಅಮ್ಮನಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲು ಹೃದ್ರೋಗ ಬಂದಿದ್ದರೆ ನಿಮ್ಮ ವೈದ್ಯರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ಎಂಬತ್ತೈದಕ್ಕೆ ಬಂದ ಹೃದಯಾಘಾತಕ್ಕೆ ಆ ತೂಕವಿಲ್ಲ. ಕರುಳಿನ ಕ್ಯಾನ್ಸರ್ ಇದ್ದ ಮನೆತನವಾದರೂ ಹಾಗೆಯೇ, ತಪಾಸಣೆ ಬೇಗ ಶುರುವಾಗಬೇಕಾಗುತ್ತದೆ.

ಹಂತ 2: ಬಿಪಿಯನ್ನು ಸರಿಯಾಗಿ ನೋಡಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಏಕೆಂದರೆ ಬಹಳ ಮನೆಗಳಲ್ಲಿ ಯಂತ್ರ ಇರುತ್ತದೆ, ಅಳೆಯುವ ಕ್ರಮ ಇರುವುದಿಲ್ಲ. ಜಗತ್ತಿನಲ್ಲಿ ಅಧಿಕ ರಕ್ತದೊತ್ತಡ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಅದು ಇರುವುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಲೆನೋವು, ತಲೆಸುತ್ತು ಬಂದಾಗ ನೋಡಿದರಾಯಿತು ಎಂದು ಕಾಯುವುದು ತಪ್ಪು. ಬಿಪಿ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡದೆ ವರ್ಷಗಟ್ಟಲೆ ಏರಿಕೊಂಡೇ ಇರುತ್ತದೆ.

ಅಳೆಯುವ ಮೊದಲಿನ ಅರ್ಧ ಗಂಟೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ, ಕಟ್ಟಿಕೊಂಡು ಕೂತರೆ ಅಂಕಿ ಏರುತ್ತದೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ಎರಡೂ ನೆಲಕ್ಕೆ ತಾಗುವಂತೆ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಫೋನ್ ದೂರ ಇರಲಿ. ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ. ಅಂಗಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಸುರುಳಿ ಸುತ್ತುವ ಬದಲು ಕಳಚಿಬಿಡುವುದು ಲೇಸು. ತೋಳನ್ನು ಮೇಜಿನ ಮೇಲಿಟ್ಟಾಗ ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಕೈ ತೊಡೆಯ ಮೇಲಿದ್ದರೆ ಅಥವಾ ಪಕ್ಕಕ್ಕೆ ಇಳಿಬಿಟ್ಟಿದ್ದರೆ ಇಲ್ಲದ ಬಿಪಿ ಕಾಣಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಅದೇ ಕಥೆ, ಆದ್ದರಿಂದ ಯಂತ್ರ ಕೊಳ್ಳುವಾಗ ತೋಳಿನ ಸುತ್ತಳತೆ ಗೊತ್ತಿರಲಿ. ಅಳೆಯುವಾಗ ಮಾತು ಬೇಡ. ‘ಎಷ್ಟು ಬಂತು?’ ಎಂದು ಪಕ್ಕದವರು ಕೇಳಿದರೂ ಉತ್ತರಿಸಬೇಡಿ.

ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಬೇಕು. ಒಂದೇ ಒಂದು ಸಲ ಹೆಚ್ಚು ಬಂದಿತೆಂದು ಗಾಬರಿಯಾಗುವುದು, ಒಂದೇ ಸಲ ಸರಿ ಬಂದಿತೆಂದು ಮಾತ್ರೆ ನಿಲ್ಲಿಸುವುದು, ಎರಡೂ ಬೇಡ. ಆದರೆ 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಇವುಗಳಲ್ಲಿ ಒಂದಾದರೂ ಇದ್ದರೆ ಸರಾಸರಿ ಲೆಕ್ಕ ಹಾಕುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಹಂತ 3: ಟೇಪು ಹಿಡಿಯಿರಿ, ಸಕ್ಕರೆ ನೋಡಿಸಿ

ಮಾರಿಸ್ ತಂಡ 1956ರಲ್ಲಿ ಇನ್ನೊಂದು ತಮಾಷೆಯ ಲೆಕ್ಕ ಮುಂದಿಟ್ಟಿತು. ಅದು ಬಸ್ ನೌಕರರ ಸಮವಸ್ತ್ರದ ಅಳತೆ. ಡ್ರೈವರುಗಳ ಪ್ಯಾಂಟಿನ ಸೊಂಟ ಕಂಡಕ್ಟರುಗಳಿಗಿಂತ ದೊಡ್ಡದಾಗಿತ್ತು. ಅಂದರೆ ಅವರ ಹೃದಯದ ವ್ಯತ್ಯಾಸಕ್ಕೆ ಮೆಟ್ಟಿಲೊಂದೇ ಕಾರಣ ಎಂದು ಕಣ್ಣುಮುಚ್ಚಿ ಹೇಳುವಂತಿರಲಿಲ್ಲ. ಹೊಟ್ಟೆಯ ಬೊಜ್ಜಿಗೂ ಅದರಲ್ಲಿ ಪಾಲಿರಬಹುದು.

ಸೊಂಟ ಅಳೆಯುವಾಗ ಟೇಪನ್ನು ಪ್ಯಾಂಟ್ ಕಟ್ಟುವ ಜಾಗದಲ್ಲಿ ಸುತ್ತಬೇಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಸುತ್ತಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ, ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನೀವೇ. ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬುದು ನೆನಪಿಡಲು ಸುಲಭವಾದ ನಿಯಮ. ತೂಕದ ಯಂತ್ರ ಹೇಳದ ಸಂಗತಿಯನ್ನು ಇದು ಹೇಳುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರ ತೂಕ ‘ಸರಿ’ ಎಂದೇ ತೋರಿಸಬಹುದು.

ಸೊಂಟ ಹೆಚ್ಚಿದ್ದರೆ, ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಖಾಲಿಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ (ಕೆಲವು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಖಾಲಿಹೊಟ್ಟೆಯ ಅಂಕಿ 126 ಅಥವಾ ಮೇಲಿದ್ದು ಮತ್ತೊಮ್ಮೆ ಮಾಡಿಸಿದಾಗಲೂ ಹಾಗೇ ಬಂದರೆ ಅದು ಸಕ್ಕರೆ ಕಾಯಿಲೆ. 100ರಿಂದ 125ರ ನಡುವೆ ಬಂದವರನ್ನು ‘ಇನ್ನೂ ಏನಾಗಿಲ್ಲ’ ಎಂದು ಮನೆಯವರು ಸಮಾಧಾನ ಮಾಡುತ್ತಾರೆ. ನನ್ನ ಪ್ರಕಾರ ಇಡೀ ಲೇಖನದಲ್ಲಿ ಅತಿ ಹೆಚ್ಚು ಲಾಭ ಇರುವುದು ಇವರಿಗೇ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ತೂಕದ ಶೇ 7ರಷ್ಟನ್ನು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಡಲಾಗಿತ್ತು. ಅವರಲ್ಲಿ ಕಾಯಿಲೆ ಬರುವ ಪ್ರಮಾಣ ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದ ಗುಂಪಿನಲ್ಲಿ ತಗ್ಗಿದ್ದು ಶೇ 31.

ಹಂತ 4: ತಂಬಾಕು ಇದ್ದರೆ ಉಳಿದದ್ದೆಲ್ಲ ಆಮೇಲೆ

ಸಿಗರೇಟು ಸೇದುವವರು ಮೇಲಿನ, ಕೆಳಗಿನ ಹಂತಗಳನ್ನು ಪಕ್ಕಕ್ಕಿಟ್ಟು ಮೊದಲು ಇದನ್ನು ಮಾಡಲಿ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ತಂಡದ ಅಧ್ಯಯನದ ಪ್ರಕಾರ, ಮೂವತ್ತರಲ್ಲಿ ಬಿಟ್ಟವರು ಸುಮಾರು 10 ವರ್ಷ, ನಲವತ್ತರಲ್ಲಿ ಬಿಟ್ಟವರು 9, ಐವತ್ತರಲ್ಲಿ 6, ಅರವತ್ತರಲ್ಲಿ ಬಿಟ್ಟವರೂ 3 ವರ್ಷ ಆಯಸ್ಸು ಉಳಿಸಿಕೊಂಡರು. ‘ಈ ವಯಸ್ಸಲ್ಲಿ ಬಿಟ್ಟು ಏನು ಪ್ರಯೋಜನ’ ಎನ್ನುವವರಿಗೆ ಇದೇ ಉತ್ತರ.

ಬಿಡುವ ದಿನಾಂಕ ಗೊತ್ತುಮಾಡಿ. ಹಿಂದಿನ ರಾತ್ರಿಯೇ ಬೂದಿತಟ್ಟೆ, ಲೈಟರ್, ಜೇಬಿನಲ್ಲಿ ಉಳಿದ ಪ್ಯಾಕೆಟ್ ಎಲ್ಲ ಮನೆಯಿಂದ ಹೊರಹೋಗಲಿ. ಸೇದುವ ಗೆಳೆಯರ ಜೊತೆ ನಿಲ್ಲುವ ಜಾಗವನ್ನು ಕೆಲವು ವಾರ ಬದಲಿಸಿ. ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯ ಬಗ್ಗೆ ವೈದ್ಯರನ್ನು ಕೇಳಲು ನಾಚಿಕೆ ಬೇಡ. ಒಂದು ಸಲ ಜಾರಿದರೆ ಮತ್ತೆ ದಿನಾಂಕ ಗೊತ್ತುಮಾಡಿ. ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಸಲಕ್ಕೇ ಬಿಟ್ಟವರಲ್ಲ.

ಹಂತ 5: ಮನೆಯೊಳಗಿನ ಗಾಳಿ

ವಾಯುಮಾಲಿನ್ಯ ಎಂದಕೂಡಲೇ ಕಣ್ಣಿಗೆ ಬರುವುದು ರಸ್ತೆ, ಕಾರ್ಖಾನೆ. ನಾವು ದಿನದ ಬಹುಭಾಗ ಉಸಿರಾಡುವುದು ಮಾತ್ರ ಗೋಡೆಗಳ ನಡುವೆ. ಪಿಎಂ 2.5 ಎಂಬ ಕಣ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಭಾಗ. ಮೂಗಿನ ಕೂದಲಿಗಾಗಲಿ ಗಂಟಲಿನ ಲೋಳೆಗಾಗಲಿ ಸಿಗದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಉರಿಯೂತ ಎಬ್ಬಿಸುತ್ತದೆ, ಅದರ ಪರಿಣಾಮ ರಕ್ತನಾಳಗಳಿಗೂ ತಟ್ಟುತ್ತದೆ. ಆದ್ದರಿಂದಲೇ ಕೆಟ್ಟ ಗಾಳಿಯ ಪಟ್ಟಿಯಲ್ಲಿ ಕೆಮ್ಮು, ದಮ್ಮಿನ ಜೊತೆ ಹೃದಯಾಘಾತ, ಪಾರ್ಶ್ವವಾಯು ಸಹ ಇವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಸರಾಸರಿ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು.

ಒಂದು ದಿನ ಮನೆಯಲ್ಲಿ ಹೊಗೆ ಏಳುವ ಹೊತ್ತುಗಳನ್ನು ಮಾತ್ರ ಬರೆದುಕೊಳ್ಳಿ. ಕರಿಯುವಾಗ, ಹುರಿಯುವಾಗ, ಏನಾದರೂ ಸುಡುವಾಗ. ಆ ಹೊತ್ತಿನಲ್ಲಿ ಕಿಟಕಿ ತೆರೆದಿತ್ತೇ? ಹೊಗೆ ಹೊರದೂಡುವ ಫ್ಯಾನು ಒಲೆ ಹಚ್ಚುವ ಮೊದಲೇ ತಿರುಗುತ್ತಿತ್ತೇ, ಇಲ್ಲ ಕಣ್ಣು ಉರಿದ ಮೇಲೆ ಹಾಕಿದಿರೇ? ಮಗು ಎಲ್ಲಿತ್ತು? ಸೌದೆ ಅಥವಾ ಇದ್ದಿಲು ಉರಿಸುವ ಮನೆಗಳಲ್ಲಿ ಒಲೆ ಬದಲಿಸುವುದೇ ನಿಜವಾದ ಪರಿಹಾರ. ಅದಾಗುವವರೆಗೆ ಒಲೆಯನ್ನು ಗಾಳಿಯಾಡುವ ಕಡೆ ಇಡುವುದು, ಒಣ ಸೌದೆಯನ್ನೇ ಬಳಸುವುದು, ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸುವ ಹೊತ್ತು ತಗ್ಗಿಸುವುದು ಒಂದಿಷ್ಟು ಉಪಕಾರ ಮಾಡುತ್ತವೆ.

ಮುಚ್ಚಿದ ಕೋಣೆಯಲ್ಲಿ ಕೆಂಡವಾಗಲಿ ಜನರೇಟರಾಗಲಿ ಎಂದೂ ಬೇಡ. ಅವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಏಳಲು ಬಿಡುವುದಿಲ್ಲ. ಗೋಡೆಯಲ್ಲಿ ತೇವವಿದ್ದು ಬೂಷ್ಟು ಕಟ್ಟಿದ್ದರೆ ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ನೀರು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ ನಿಲ್ಲಿಸಿ, ಅಸ್ತಮಾ ಇರುವವರ ಮನೆಯಲ್ಲಂತೂ ಇದು ಮೊದಲ ಕೆಲಸ. ಹೊರಗಿನ ಗಾಳಿ ತೀರಾ ಕೆಟ್ಟ ದಿನ ಕಿಟಕಿ ಮುಚ್ಚಿ, ಓಟವನ್ನು ಮುಂದೂಡಿ. ಉಳಿದ ದಿನ ನಡೆಯಲು ಹೆದ್ದಾರಿಯ ಅಂಚು ಬಿಟ್ಟು ಒಳರಸ್ತೆ ಹಿಡಿದರೂ ವ್ಯತ್ಯಾಸವಾಗುತ್ತದೆ.

ಹಂತ 6: ನಿಂತ ನೀರು

ಮನೆಯ ಸುತ್ತ ನಿಂತ ನೀರನ್ನು ಚೆಲ್ಲಲು ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಮುಗಿಯಲಿಲ್ಲ. ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ. ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು.

ಹಂತ 7: ಉಪ್ಪು, ನಡಿಗೆ, ನಿದ್ದೆ

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಪೊಟ್ಟಣದ ಮೇಲೆ ಸೋಡಿಯಂ ಎಂದು ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ. ಉಪ್ಪಿನ ಡಬ್ಬಿ ಊಟದ ಮೇಜಿನಿಂದ ಅಡುಗೆಮನೆಗೆ ಹೋಗಲಿ. ಸೋಡಿಯಂನ ಒಂದು ಪಾಲಿಗೆ ಬದಲಾಗಿ ಪೊಟಾಸಿಯಂ ಇರುವ ಉಪ್ಪನ್ನು ಚೀನಾದ 600 ಹಳ್ಳಿಗಳಲ್ಲಿ ಪರೀಕ್ಷಿಸಿದಾಗ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾದದ್ದು 2021ರಲ್ಲಿ ವರದಿಯಾಯಿತು. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

ಒಬ್ಬೊಬ್ಬರೇ ಹೆಣಗುವುದಕ್ಕಿಂತ ಊರೇ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಫಿನ್ಲೆಂಡಿನ ನಾರ್ತ್ ಕರೇಲಿಯಾ ಇದೆ. ಹೃದ್ರೋಗಕ್ಕೆ ಕುಖ್ಯಾತವಾಗಿದ್ದ ಆ ಪ್ರಾಂತ್ಯದಲ್ಲಿ 1972ರಲ್ಲಿ ಪೆಕ್ಕಾ ಪುಸ್ಕಾ ನೇತೃತ್ವದಲ್ಲಿ ಕೆಲಸ ಶುರುವಾಯಿತು. ಜನರಿಗೆ ಬುದ್ಧಿ ಹೇಳಿದ್ದು ಅದರ ಒಂದು ಪಾಲು ಮಾತ್ರ. ಆಹಾರ ತಯಾರಕರನ್ನು, ಗೃಹಿಣಿಯರ ಸಂಘಗಳನ್ನು ಒಲಿಸಿಕೊಂಡು ಊಟದಲ್ಲಿನ ಬೆಣ್ಣೆ, ಉಪ್ಪು ತಗ್ಗಿಸಿದರು. ಮುಂದಿನ ನಾಲ್ಕು ದಶಕಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು.

ನಡಿಗೆ ವಾರಕ್ಕೆ 150ರಿಂದ 300 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಾಗಿ. ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ. ಒಂದು ನಿಲ್ದಾಣ ಮೊದಲೇ ಇಳಿಯುವುದು, ಲಿಫ್ಟ್ ಬಿಡುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿದ್ದೆ ಏಳು ಗಂಟೆಗೆ ಕಡಿಮೆಯಾಗದಿರಲಿ, ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗಿಡಿ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದರೆ ಅದನ್ನು ವೈದ್ಯರಿಗೆ ಹೇಳಿ. ಬಿಪಿ ಏರಿರುವುದಕ್ಕೆ ಕಾರಣ ಅಲ್ಲೇ ಇರಬಹುದು.

ಹಂತ 8: ಯಾವ ತಪಾಸಣೆ ಬೇಕು, ಯಾವುದು ಬೇಡ

ಲಸಿಕೆಗಳು ಮಕ್ಕಳಿಗಷ್ಟೇ ಅಲ್ಲ. ವಯಸ್ಸಾದವರಿಗೆ ಫ್ಲೂ, ನ್ಯುಮೋನಿಯಾ ಲಸಿಕೆ, ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬಗ್ಗೆ ಕೇಳಿ. ಮೂವತ್ತರ ನಂತರ ಗರ್ಭಕಂಠದ ಕ್ಯಾನ್ಸರ್ ತಪಾಸಣೆ, 45–50ರಿಂದ ಕರುಳಿನ ಕ್ಯಾನ್ಸರ್ ತಪಾಸಣೆ, ಸ್ತನದ ಮ್ಯಾಮೊಗ್ರಾಂ, ಇವುಗಳಿಂದ ಲಾಭವಿದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಎಷ್ಟು ವರ್ಷಕ್ಕೊಮ್ಮೆ ಎಂಬುದು ದೇಶದಿಂದ ದೇಶಕ್ಕೆ ತುಸು ಬದಲಾಗುತ್ತದೆ.

ಅಡಿಯಿಂದ ಮುಡಿವರೆಗೆ ಎಲ್ಲವನ್ನೂ ಸ್ಕ್ಯಾನ್ ಮಾಡುವ ಪ್ಯಾಕೇಜುಗಳ ಬಗ್ಗೆ ನನಗೆ ಅಂಥ ಒಲವಿಲ್ಲ. ದಕ್ಷಿಣ ಕೊರಿಯಾದಲ್ಲಿ ಇತರ ತಪಾಸಣೆಯ ಜೊತೆಗೆ ಥೈರಾಯ್ಡ್ ಅಲ್ಟ್ರಾಸೌಂಡನ್ನೂ ಮಾಡತೊಡಗಿದರು. 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 15 ಪಟ್ಟು ಏರಿತು, ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ತೊಂದರೆಯನ್ನೇ ಕೊಡದಿದ್ದ ಗಂಟುಗಳಿಗಾಗಿ ಎಷ್ಟೋ ಜನ ಗ್ರಂಥಿಯನ್ನೇ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು. ಯಾವುದೇ ಪರೀಕ್ಷೆಗೆ ಒಪ್ಪುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಡಾಕ್ಟರೇ, ಇದರ ಫಲಿತಾಂಶ ಬಂದ ಮೇಲೆ ನನಗೆ ಮಾಡುವ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’

ವೈದ್ಯರ ಭೇಟಿಗೆ ಹೋಗುವಾಗ ನೋಟ್‌ಪುಸ್ತಕ, ಬಿಪಿ ಯಂತ್ರ, ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಯಂತ್ರವನ್ನು ಅಲ್ಲಿನ ಯಂತ್ರದೊಂದಿಗೆ ಹೋಲಿಸಿ ನೋಡಿಸಿಕೊಳ್ಳಿ. ಮುಂದಿನ ಎಚ್‌ಬಿಎ1ಸಿಗೆ ಮೂರು ತಿಂಗಳು ಬಿಟ್ಟು ಹೋಗಿ. ಆ ಪರೀಕ್ಷೆ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು, ಅದಕ್ಕೆ ಮೊದಲೇ ಮಾಡಿಸಿದರೆ ಹಳೆಯ ಲೆಕ್ಕವೇ ಅದರಲ್ಲಿ ಸೇರಿಕೊಂಡಿರುತ್ತದೆ.