ಕರಾವಳಿಯ ಮಳೆಗಾಲದಲ್ಲಿ ಇಸ್ತ್ರಿ: ಯಾವ ಬಟ್ಟೆಗೆ ಎಷ್ಟು ಬಿಸಿ, ಎಷ್ಟು ನೀರು

ಜುಲೈಯಲ್ಲಿ ಇಸ್ತ್ರಿ ಹಾಕಿ ಕಪಾಟಿನಲ್ಲಿಟ್ಟ ಅಂಗಿ ವಾರದೊಳಗೆ ಮುಗ್ಗಲು ವಾಸನೆ ಹೊಡೆಯುವುದು ಮಂಗಳೂರು, ಉಡುಪಿ ಕಡೆಯವರಿಗೆ ಹೊಸತಲ್ಲ. ಬೈಗುಳ ಮಾತ್ರ ಸೋಪಿಗೋ ಕಪಾಟಿಗೋ ಬೀಳುತ್ತದೆ. ಹೆಚ್ಚಿನ ಸಲ ತಪ್ಪಾಗಿರುವುದು ಇಸ್ತ್ರಿ ಮೇಜಿನಲ್ಲೇ. ಬಿಸಿ ಬಟ್ಟೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಆದರೆ ಕಾಲರಿನ ಒಳಗೆ, ಜೇಬಿನ ಅಂಚಿನಲ್ಲಿ, ಹೊಲಿಗೆ ದಪ್ಪವಿರುವಲ್ಲಿ ಪಸೆ ಉಳಿದಿರುತ್ತದೆ. ಅದನ್ನೇ ಮಡಚಿಟ್ಟರೆ ಬೂಷ್ಟು ಬಾರದೆ ಇನ್ನೇನು? ಈ ಊರಿನಲ್ಲಿ ಇಸ್ತ್ರಿ ಎಂದರೆ ಬಿಸಿಯಷ್ಟೇ ನೀರಿನ ಲೆಕ್ಕವೂ ಹೌದು. ಶುರುವಿಗೆ ಬಟ್ಟೆಯಲ್ಲಿ ಹದವಾದ ತೇವ ಬೇಕು, ಮಡಚುವಾಗ ಒಂದಿಷ್ಟೂ ಇರಬಾರದು.

ಹತ್ತಿ ಬಟ್ಟೆ

ಹತ್ತಿಯ ನಾರಿನೊಳಗಿನ ಸೆಲ್ಯುಲೋಸ್ ಎಳೆಗಳನ್ನು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು. ನೀರು ತಾಗಿದರೆ ಅವು ಸಡಿಲವಾಗುತ್ತವೆ, ಒಣಗುವಾಗ ಬಟ್ಟೆ ಹೇಗಿದೆಯೋ ಹಾಗೆಯೇ ಮತ್ತೆ ಕೂಡಿಕೊಳ್ಳುತ್ತವೆ. ಹಿಂಡಿದ್ದನ್ನು ಹಾಗೇ ಹಗ್ಗಕ್ಕೆ ಎಸೆದರೆ ಸುಕ್ಕೇ ಗಟ್ಟಿಯಾಗುತ್ತದೆ. ಅದಕ್ಕೇ ಕೊಡವಿ, ಅಂಚು ಎಳೆದು ಹರವಬೇಕು. ಇಸ್ತ್ರಿಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಗರಿಗರಿ ಒಣಗಿದ ಹತ್ತಿಯ ಮೇಲೆ ಎಷ್ಟು ಬಿಸಿ ಪೆಟ್ಟಿಗೆ ಉಜ್ಜಿದರೂ ಸುಕ್ಕು ಬಿಡದಿರುವುದಕ್ಕೂ ಇದೇ ಕಾರಣ. ಆಗ ಬಿಸಿ ಏರಿಸಬೇಡಿ, ನೀರು ಚಿಮುಕಿಸಿ.

ಕೈ ಅದ್ದಿ ಕೊಡವಿದರೆ ದಪ್ಪ ಹನಿ ಬಿದ್ದು ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ. ಸ್ಪ್ರೇ ಬಾಟಲಿ ಒಳ್ಳೆಯದು. ಚಿಮುಕಿಸಿದ ಬಟ್ಟೆಯನ್ನು ಸುರುಳಿ ಸುತ್ತಿ 15-20 ನಿಮಿಷ ಬಿಟ್ಟರೆ ತೇವ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಸುತ್ತಿದ್ದನ್ನು ಬೆಳಗ್ಗೆ ನೋಡೋಣ ಎಂದು ರಾತ್ರಿಯಿಡೀ ಬಿಡುವುದು ಮಾತ್ರ ಮಳೆಗಾಲದಲ್ಲಿ ಬೇಡವೇ ಬೇಡ.

ಅಂಗಿಯಾದರೆ ಮೊದಲು ಕಾಲರ್, ಅದರ ಒಳಮೈಯಿಂದ ಶುರುಮಾಡಿ. ತುದಿಯಿಂದ ನಡುವಿನ ಕಡೆಗೆ ಒತ್ತುತ್ತ ಬನ್ನಿ. ನಡುವಿನಿಂದ ತುದಿಗೆ ತಳ್ಳಿದರೆ ಹೆಚ್ಚಾದ ಬಟ್ಟೆ ತುದಿಯಲ್ಲಿ ಗಂಟುಕಟ್ಟಿ ಮಡಿಕೆ ಬೀಳುತ್ತದೆ. ಆಮೇಲೆ ಹೆಗಲಿನ ಪಟ್ಟಿ, ಕಫ್, ತೋಳು, ಗುಂಡಿ ಇರುವ ಮುಂಭಾಗ, ಕೊನೆಗೆ ಬೆನ್ನು. ದೊಡ್ಡ ಭಾಗ ಮೊದಲು ಮಾಡಿದರೆ ತೋಳಿಗೆ ತಿರುಗಿಸುವಷ್ಟರಲ್ಲಿ ಅದು ಮತ್ತೆ ಮುದ್ದೆ. ಪೆಟ್ಟಿಗೆಯನ್ನು ನೇಯ್ಗೆಯ ಉದ್ದಕ್ಕೇ ಸರಿಸಿ. ಗುಂಡಗೆ ತಿರುಗಿಸುವ ಅಭ್ಯಾಸದಿಂದ ಬಟ್ಟೆ ಓರೆಯಾಗಿ ಎಳೆಯುತ್ತದೆ.

ಮುಗಿದ ಅಂಗಿಯನ್ನು ಹ್ಯಾಂಗರಿಗೆ ಹಾಕಿ ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಡಿ. ತಣಿದ ಮೇಲೆ ಕಾಲರನ್ನು ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ. ಈ ಪರೀಕ್ಷೆಯನ್ನು ಬಿಸಿ ಇರುವಾಗ ಮಾಡಿ ಪ್ರಯೋಜನವಿಲ್ಲ.

ಮುಂಡಿಗೆ ಗಂಜಿ

ಬಿಳಿ ಮುಂಡು, ಹತ್ತಿ ಸೀರೆ ಎರಡಕ್ಕೂ ಗಂಜಿ ಹಾಕಿದರೇ ಅಂದ. ಆದರೆ ಮನೆಯಲ್ಲಿ ಬಸಿದ ಕುಚ್ಚಲಕ್ಕಿ ಗಂಜಿಯನ್ನು ಬಿಳಿ ಬಟ್ಟೆಗೆ ಬಳಸಬೇಡಿ. ಅದರ ಕೆಂಪು ಮಬ್ಬು ಬಟ್ಟೆಗೂ ಇಳಿಯುತ್ತದೆ, ನಾಲ್ಕು ಸಲ ಆದಮೇಲೆ ಎಷ್ಟು ನೀಲಿ ಹಾಕಿದರೂ ಬಿಳಿ ಬಾರದು. ಬೆಳ್ತಿಗೆ ಅಕ್ಕಿಯ ಗಂಜಿ, ಇಲ್ಲವೇ ಮೈದಾ ಆಗುತ್ತದೆ.

ಎರಡು ಮುಂಡಿಗೆ ಎರಡು ದೊಡ್ಡ ಚಮಚ ಮೈದಾ ಸಾಕು. ಅದನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದು ಲೀಟರ್ ನೀರಿಗೆ ಹೊಯ್ಯುತ್ತ ಕೈಯಾಡಿಸಿ. ಹಾಲಿನಂತಿದ್ದದ್ದು ತಿಳಿಯಾಗಿ ಪಾರದರ್ಶಕವಾದಾಗ ಬೆಂದಿದೆ ಎಂದರ್ಥ. ಬೇಯದ ಹಿಟ್ಟು ಬಟ್ಟೆಯ ಮೇಲೆ ಪುಡಿಯಾಗಿ ಉದುರುತ್ತದೆ. ತಣಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಸೋಸದೆ ಉಳಿದ ಒಂದು ಗಂಟು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಅಂಟಿ ಕಂದಾಗಿ ಸುಟ್ಟರೆ, ಮುಂದಿನ ಎಲ್ಲ ಬಟ್ಟೆಗೂ ಅದೇ ಗೀರು. ಸೋಸಿದ್ದಕ್ಕೆ ಎರಡು ಲೀಟರ್ ನೀರು ಸೇರಿಸಿ, ಒಗೆದು ಹಿಂಡಿದ ಮುಂಡನ್ನು ಅದ್ದಿ ಎರಡು ನಿಮಿಷ ಆಡಿಸಿ. ಒಣ ಮುಂಡು ಅದ್ದಿದರೆ ಗಂಜಿ ತೇಪೆ ತೇಪೆಯಾಗಿ ಹಿಡಿಯುತ್ತದೆ. ನೀಲಿ ಬೇಕಿದ್ದರೆ ಇದೇ ನೀರಿಗೆ ನಾಲ್ಕೈದು ಹನಿ, ಬಟ್ಟೆ ಅದ್ದುವ ಮೊದಲೇ ಚೆನ್ನಾಗಿ ಕಲಸಿ.

ಬಿಸಿಲಿಗೆ ಒಣಗಿಸಿ, ಮತ್ತೆ ನೀರು ಚಿಮುಕಿಸಿ ಸುತ್ತಿಟ್ಟು, ಪೆಟ್ಟಿಗೆಯ ಗುಂಡಿಯಲ್ಲಿ ಮೂರು ಚುಕ್ಕೆ ಇರುವ ಬಿಸಿಯಲ್ಲಿ ಇಸ್ತ್ರಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ರಜೆ ಕೊಡುವುದೇ ವಾಸಿ. ಗಂಜಿ ಪಿಷ್ಟ, ಬೂಷ್ಟಿಗೂ ಜಿರಲೆಗೂ ಬಲು ಇಷ್ಟ. ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಮಡಚಿಡುವುದಿದ್ದರೆ ಮೊದಲು ಒಗೆದು ಗಂಜಿ ತೆಗೆದುಬಿಡಿ.

ಉಡುಪಿ ಸೀರೆಗೂ ಇದೇ ಕ್ರಮ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಂಥ ಕಡೆ ಕೈಮಗ್ಗದಲ್ಲಿ ನೇಯುವ ಈ ಹತ್ತಿ ಸೀರೆಗಳು ಹಗುರ, ಅಂಚಿನ ಬಣ್ಣ ಬೇರೆ. ನೇಯುವಾಗ ನೂಲಿಗೆ ಹಾಕಿದ ಗಂಜಿ ಮೊದಲ ಒಗೆತದಲ್ಲಿ ಬಿಡುವುದು ಸಹಜ, ಸೀರೆ ಸೊರಗಿತೆಂದು ಹೆದರಬೇಡಿ. ಮೊದಲ ಎರಡು ಸಲ ಒಂದೇ ಸೀರೆ, ತಣ್ಣೀರು, ನೆನೆಹಾಕದೆ ಒಗೆಯಿರಿ. ಉಪ್ಪುನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆಂಬ ಮಾತನ್ನು ನಂಬಿ ಕೂರಬೇಡಿ. ಉಪ್ಪಿನ ಕೆಲಸ ಇರುವುದು ಬಣ್ಣ ಹಾಕುವಾಗ, ಹಾಕಿ ಮುಗಿದ ಮೇಲೆ ಅಲ್ಲ. ಇಸ್ತ್ರಿಯನ್ನು ಒಳಮೈಗೆ ಹಾಕಿ. ಅಂಚಿನ ನೂಲು ಒಡಲಿಗಿಂತ ದಪ್ಪವಿದ್ದರೆ ಕುಗ್ಗುವುದೂ ಬೇರೆ ರೀತಿ, ಆದ್ದರಿಂದ ಮೊದಲು ಅಂಚನ್ನು ಎಳೆದು ನೇರಮಾಡಿ, ಆಮೇಲೆ ಒಡಲಿಗೆ ಬನ್ನಿ.

ಪೆಟ್ಟಿಗೆಯ ಚುಕ್ಕೆಗಳು

ಬಟ್ಟೆಯ ಚೀಟಿಯಲ್ಲೂ ಪೆಟ್ಟಿಗೆಯ ಗುಂಡಿಯಲ್ಲೂ ಇರುವ ಒಂದು ಚುಕ್ಕೆಗೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200. ನೈಲಾನ್, ಅಕ್ರಿಲಿಕ್‌ಗೆ ಒಂದು, ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್‌ಗೆ ಎರಡು, ಹತ್ತಿ ಮತ್ತು ಲಿನನ್‌ಗೆ ಮೂರು. ಮಿಶ್ರ ಬಟ್ಟೆಯಾದರೆ ಅದರಲ್ಲಿ ಅತಿ ಕಡಿಮೆ ಬಿಸಿ ತಾಳುವ ನೂಲಿನ ಲೆಕ್ಕವೇ ಲೆಕ್ಕ. ಪೆಟ್ಟಿಗೆ ಬಿಸಿಯಾಗುವುದು ಬೇಗ, ತಣಿಯುವುದು ನಿಧಾನ. ಹಾಗಾಗಿ ನೈಲಾನ್‌ನಿಂದ ಶುರುಮಾಡಿ ಹತ್ತಿಗೆ ಬನ್ನಿ. ಉಲ್ಟಾ ಮಾಡುವುದಿದ್ದರೆ ಗುಂಡಿ ತಿರುಗಿಸಿ ಹತ್ತು ನಿಮಿಷವಾದರೂ ಕಾಯಿರಿ.

ಮಕ್ಕಳ ಯೂನಿಫಾರ್ಮ್ ಹೆಚ್ಚಾಗಿ ಪಾಲಿಯೆಸ್ಟರ್ ಬೆರಕೆ. ಪಾಲಿಯೆಸ್ಟರ್ ನೀರಿಗೆ ಬಗ್ಗುವುದಿಲ್ಲ, ಬಿಸಿಗೆ ಬಗ್ಗುತ್ತದೆ. ಬಿಸಿ ಇರುವಾಗ ಬಿದ್ದ ಮಡಿಕೆ ತಣಿದಾಗ ನಿಂತುಬಿಡುತ್ತದೆ. ಪ್ಯಾಂಟಿನ ಗೆರೆ ಚೆನ್ನಾಗಿ ಕೂರುವುದೂ, ತಪ್ಪಿ ಬಿದ್ದ ಎರಡನೇ ಗೆರೆ ಹೋಗದಿರುವುದೂ ಇದರಿಂದಲೇ. ಕಪ್ಪು, ನೀಲಿ ಪ್ಯಾಂಟಿನ ಮೇಲೆ ನೇರ ಪೆಟ್ಟಿಗೆ ಇಟ್ಟರೆ ಮೊಣಕಾಲು, ಜೇಬಿನ ಬಳಿ ಫಳಫಳ ಹೊಳಪು ಬರುತ್ತದೆ. ಅದು ಕೊಳೆಯಲ್ಲ, ನಾರು ಬಿಸಿಗೆ ಚಪ್ಪಟೆಯಾದ ಗುರುತು, ಒಗೆದರೂ ಹೋಗದು. ಒದ್ದೆ ಮಾಡಿ ಹಿಂಡಿದ ತೆಳು ಬೈರಾಸು ಮೇಲೆ ಹಾಸಿ ಒತ್ತಿದರೆ ಈ ಕಷ್ಟವೇ ಇಲ್ಲ.

ರೇಯಾನ್, ಅಂದರೆ ವಿಸ್ಕೋಸ್ ಕುರ್ತಾಗಳ ಸ್ವಭಾವ ವಿಚಿತ್ರ. ಒದ್ದೆಯಾದಾಗ ಹತ್ತಿಗೆ ಬಲ ಹೆಚ್ಚುತ್ತದೆ, ರೇಯಾನ್ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಹಿಂಡಬೇಡಿ, ಒಗೆಯುವ ಕಲ್ಲಿಗೆ ಬಡಿಯಬೇಡಿ, ಭಾರಕ್ಕೆ ಜೋತುಬೀಳುವಂತೆ ನೇತುಹಾಕಬೇಡಿ. ಇಸ್ತ್ರಿ ಒಳಮೈಗೆ, ಎರಡು ಚುಕ್ಕೆ.

ರೇಷ್ಮೆ

ಮದುವೆ, ದೇವಸ್ಥಾನದಿಂದ ಬಂದ ರೇಷ್ಮೆ ಸೀರೆಯನ್ನಾಗಲಿ ಪೂಜೆಗೆ ಉಡುವ ರೇಷ್ಮೆಯ ಪಟ್ಟೆಮಡಿಯನ್ನಾಗಲಿ ಕೂಡಲೇ ಮಡಚಬೇಡಿ, ಇಸ್ತ್ರಿಯನ್ನೂ ಹಾಕಬೇಡಿ. ನಮ್ಮ ಸೆಕೆಯಲ್ಲಿ ಬೆವರು ತಾಗದ ರೇಷ್ಮೆ ಇಲ್ಲ. ಬೆವರಿನ ಉಪ್ಪು ನಾರಿನ ಬಲ ಕೆಡಿಸುತ್ತದೆ, ಅದರ ಮೇಲೆ ಬಿಸಿ ಬಿದ್ದರೆ ಹಳದಿ ಕಲೆ ಖಾಯಂ. ನೆರಳಲ್ಲಿ, ಫ್ಯಾನಿನ ಗಾಳಿಗೆ ಮೂರು ನಾಲ್ಕು ಗಂಟೆ ಹರವಿ.

ಇಸ್ತ್ರಿ ಹಾಕುವಾಗ ಒಳಮೈ ಮೇಲೆ ಮಾಡಿ ಹಾಸಿ, ಒಣ ಹತ್ತಿ ಬಟ್ಟೆ ಮುಚ್ಚಿ, ಎರಡು ಚುಕ್ಕೆಗಿಂತ ತುಸು ಕೆಳಗಿನ ಬಿಸಿಯಲ್ಲಿ ಒತ್ತಿ. ನೀರು ಚಿಮುಕಿಸಬೇಡಿ, ಹನಿ ಬಿದ್ದಲ್ಲಿ ಉಂಗುರ ಏಳುತ್ತದೆ. ಕಡಿಮೆ ಬಿಸಿಯಲ್ಲಿ ಸ್ಟೀಮ್ ಗುಂಡಿ ಒತ್ತಿದರೂ ಇದೇ ಗತಿ: ನೀರು ಹಬೆಯಾಗದೆ ತೂತಿನಿಂದ ಹಾಗೇ ತೊಟ್ಟಿಕ್ಕುತ್ತದೆ. ಜರಿಯ ಮೇಲೆ ಪೆಟ್ಟಿಗೆ ನೇರ ತಾಗಬಾರದು. ಸೆಂಟ್ ಸಹ ಜರಿಗೆ ಬೇಡ.

ಕಲೆ ಇದ್ದರೆ ಇಸ್ತ್ರಿ ಇಲ್ಲ

ಬಿಸಿ ತಾಗಿದ ಕಲೆ ಗಟ್ಟಿಯಾಗಿ ಕೂರುತ್ತದೆ, ಹಾಗಾಗಿ ಕಲೆ ಹೋಗದೆ ಪೆಟ್ಟಿಗೆ ಮುಟ್ಟಬೇಡಿ. ಅರಸಿನದ ಕಲೆಗೆ ಸೋಪು ಹಾಕಿದಾಗ ಕೆಂಪಾದರೆ ಗಾಬರಿ ಬೇಡ, ಕ್ಷಾರಕ್ಕೆ ಅರಸಿನ ತಿರುಗುವ ಬಣ್ಣ ಅದು. ತೊಳೆದು ಬಿಸಿಲಿಗೆ ಹಾಕಿ, ಬಿಸಿಲೇ ಅದನ್ನು ತಿನ್ನುತ್ತದೆ. ಹಲಸಿನ ಮಯಣಕ್ಕೆ ಮೊದಲು ತೆಂಗಿನೆಣ್ಣೆ ಉಜ್ಜಿ ಸಡಿಲಿಸಿ, ಆಮೇಲೆ ಎಣ್ಣೆ ಹೋಗಲು ಸೋಪು. ಬಾಳೆಯ ಸೊನೆ, ಗೇರುಹಣ್ಣಿನ ರಸ ಒಣಗಿದವೋ, ಆ ಬಟ್ಟೆ ತೋಟಕ್ಕೆ.

ತುಕ್ಕಿನ ಕಲೆಗೆ ಹಿತ್ತಲಲ್ಲೇ ಮದ್ದಿದೆ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಅದರ ರಸ ತುಕ್ಕನ್ನು ಕರಗಿಸುತ್ತದೆ. ಬಿಳಿ ಹತ್ತಿಗೆ ಮಾತ್ರ ಬಳಸಿ. ಕಾಯಿ ಸೀಳಿ ಕಲೆಗೆ ಉಜ್ಜಿ, ಹದಿನೈದು ನಿಮಿಷ ಬಿಟ್ಟು, ಹುಳಿ ಉಳಿಯದಂತೆ ಮೂರು ನೀರಲ್ಲಿ ಜಾಲಿಸಿ.

ಬೂಷ್ಟಿನ ಕಪ್ಪು ಚುಕ್ಕೆಗೆ, ಅದೂ ಬಿಳಿ ಹತ್ತಿಯಾದರೆ, ಒಂದು ಲೀಟರ್ ತಣ್ಣೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಹಾಕಿ ಹತ್ತು ನಿಮಿಷ ಅದ್ದಿ. ಬಾವಿ ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಬ್ಲೀಚ್ ಅದನ್ನು ತುಕ್ಕಾಗಿಸಿ ಇಡೀ ಬಟ್ಟೆಯನ್ನೇ ಹಳದಿ ಮಾಡುತ್ತದೆ, ಅಂಥ ಕಡೆ ಹಿಡಿದಿಟ್ಟ ಮಳೆನೀರೇ ಮೇಲು. ರೇಷ್ಮೆ, ಉಣ್ಣೆಗೆ ಬ್ಲೀಚ್ ತಾಗಿದರೆ ನಾರೇ ಕರಗಿಹೋಗುತ್ತದೆ. ಬ್ಲೀಚ್ ಜೊತೆ ಬಿಂಬುಳಿ, ಲಿಂಬೆ, ವಿನೆಗರ್ ಯಾವ ಹುಳಿಯನ್ನೂ ಸೇರಿಸಬೇಡಿ, ಏಳುವ ಕ್ಲೋರಿನ್ ಹೊಗೆ ವಿಷ.

ಪೆಟ್ಟಿಗೆ, ಕೆಂಡ, ಕಪಾಟು

ಮನೆಯ ಸಾದಾ ಪೆಟ್ಟಿಗೆ 750ರಿಂದ 1000 ವ್ಯಾಟ್, ಸಣ್ಣ ಪ್ಲಗ್ಗು ಸಾಕು. 1400 ವ್ಯಾಟ್ ದಾಟಿದ ಸ್ಟೀಮ್ ಪೆಟ್ಟಿಗೆಗೆ 16 ಆಂಪಿಯರ್ ಪ್ಲಗ್ಗೇ ಬೇಕು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಇಸ್ತ್ರಿ ಹಾಕಬೇಡಿ. ಸ್ಟೀಮ್ ಟ್ಯಾಂಕಿನ ನೀರನ್ನು ಕೆಲಸ ಮುಗಿದಾಗಲೇ ಚೆಲ್ಲಿಬಿಡಿ, ನಿಂತ ನೀರು ಮುಂದಿನ ಸಲ ಕಂದು ಹನಿಯಾಗಿ ಬಿಳಿ ಅಂಗಿಯ ಮೇಲೆ ಉಗುಳುತ್ತದೆ. ತಳಕ್ಕೆ ನೈಲಾನ್ ಕರಗಿ ಅಂಟಿದರೆ ಸ್ವಲ್ಪ ಬಿಸಿ ಮಾಡಿ, ಪ್ಲಗ್ಗು ತೆಗೆದು, ಮರದ ಸಟ್ಟುಗದಿಂದ ಒರೆಸಿ. ಚಾಕು ಹಾಕಿದರೆ ಬಿದ್ದ ಗೀರು ಆಮೇಲೆ ಪ್ರತಿ ಬಟ್ಟೆಯ ನೂಲನ್ನೂ ಎಳೆಯುತ್ತದೆ.

ಗೆರಟೆ ಕೆಂಡದ ಪೆಟ್ಟಿಗೆಯ ಅಂಗಡಿಗೆ ಹತ್ತಿ, ಲಿನನ್ ಧಾರಾಳವಾಗಿ ಕೊಡಿ, ಆ ಭಾರಕ್ಕೆ ಬರುವ ಮಟ್ಟಸ ಕರೆಂಟಿನ ಪೆಟ್ಟಿಗೆಗೆ ಬಾರದು. ನೈಲಾನ್, ಜಾರ್ಜೆಟ್ ಇದ್ದರೆ ಬಾಯಿಬಿಟ್ಟು ಹೇಳಿ ಕೊಡಿ. ಕೆಂಡಕ್ಕೆ ಚುಕ್ಕೆಯ ಗುಂಡಿ ಇಲ್ಲ.

ಕಪಾಟನ್ನು ಮಳೆ ಹೊಡೆಯುವ ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇಡಿ, ಒಳಗೆ ಬಟ್ಟೆ ಗಿಡಿಯಬೇಡಿ. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲ ಬಿಟ್ಟು ಹಳೆಯ ಹತ್ತಿ ಮುಂಡಿನಲ್ಲಿ ಸುತ್ತಿ, ಜರಿ ಒಳಗೆ ಬರುವಂತೆ ಮಡಚಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದ ಜರಿ ಅಲ್ಲೇ ತುಂಡಾಗುತ್ತದೆ. ಮಳೆ ಬಿಟ್ಟು ನವರಾತ್ರಿಯ ಹೊತ್ತಿಗೆ ಬಿಸಿಲು ಕಂಡಾಗ ಕಪಾಟಿನ ಬಾಗಿಲು ದಿನವಿಡೀ ತೆರೆದಿಡಿ. ನುಸಿಗುಳಿಗೆ ಹಾಕುವುದಿದ್ದರೆ ಸಣ್ಣ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ, ಜರಿಗೆ ತಾಗದಿರಲಿ. ಅದೇ ಕಪಾಟಿನಲ್ಲಿ ಕರ್ಪೂರವನ್ನೂ ಇಡಬೇಡಿ: ಬೇರೆ ಬೇರೆ ಇದ್ದಾಗ ಗಟ್ಟಿಯಾಗಿರುವ ಇವೆರಡು ಒಂದಕ್ಕೊಂದು ತಾಗಿದರೆ ನಮ್ಮ ಏಪ್ರಿಲ್ ಸೆಕೆಗೇ ಕರಗಿ, ಕೆಳಗಿನ ಬಟ್ಟೆಗೆ ಎಣ್ಣೆಯಂತೆ ಇಳಿಯುತ್ತವೆ.