ಉಂಡಿ ಡಬ್ಬಿಯಲ್ಲಿ, ಜೋಕಾಲಿ ಬೇವಿನ ಮರದಲ್ಲಿ: ಇಬ್ಬರೂ ಕೆಲಸಕ್ಕೆ ಹೋಗುವ ಮನೆಯ ಪಂಚಮಿ

ಶ್ರಾವಣ ಹತ್ತಿತೆಂದರೆ ಬಾಗಲಕೋಟೆಯ ಮನೆಗಳಲ್ಲಿ ಶೇಂಗಾ ಹುರಿದ ವಾಸನೆ ಶುರು. ಅದರ ಬೆನ್ನಿಗೇ ಇನ್ನೊಂದು ಮಾತೂ ಶುರು: "ಈ ಸಲ ಪಂಚಮಿ ಎಲ್ಲಿ ಮಾಡೂದ್ರೀ, ಇಬ್ಬರಿಗೂ ಡ್ಯೂಟಿ."

ನನ್ನ ಕೇಳಿದರೆ, ಕೆಲಸಕ್ಕೆ ಹೋಗುವ ಅಪ್ಪ-ಅವ್ವಂದಿರಿಗೆ ನಾಗರ ಪಂಚಮಿಯಷ್ಟು ಅನುಕೂಲದ ಹಬ್ಬ ಇನ್ನೊಂದಿಲ್ಲ. ಹೋಳಿ ಹುಣ್ಣಿಮೆಗೆ, ಯುಗಾದಿಗೆ ಹೋಳಿಗೆ ಅಂದೇ ಬಿಸಿಬಿಸಿ ಆಗಬೇಕು. ಪಂಚಮಿ ಹಾಗಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಅಂದು ಒಲೆಯ ಮೇಲೆ ಹಂಚು ಇಡುವುದಿಲ್ಲ, ಏನನ್ನೂ ಕರಿಯುವುದಿಲ್ಲ. ತಿನ್ನುವುದೆಲ್ಲ ಮೊದಲೇ ಮಾಡಿ ಡಬ್ಬಿ ತುಂಬಿರಬೇಕು. ಅಂದರೆ ಕೆಲಸವನ್ನು ವಾರಕ್ಕೆ ಹರವಿಕೊಳ್ಳಲು ಸಂಪ್ರದಾಯವೇ ಪರವಾನಗಿ ಕೊಟ್ಟಿದೆ. ನಾವು ಸುಮ್ನೆ ಹಬ್ಬದ ಹಿಂದಿನ ರಾತ್ರಿ ಹನ್ನೊಂದಕ್ಕೆ ಪಾಕ ಹಿಡಿದು ಕೂರುತ್ತೇವೆ.

ಹಬ್ಬ ಮೂರು ದಿನದ್ದು. ಮೊದಲು ರೊಟ್ಟಿ ಪಂಚಮಿ, ಮರುದಿನ ಹಾಲೆರೆಯುವ ಚೌತಿ, ಅದರ ಮರುದಿನ ಪಂಚಮಿ. ಎಲ್ಲರಿಗೂ ರಜೆ ಸಿಗುವುದಿಲ್ಲ. ಸಿಗದಿದ್ದರೂ ನಡೆಯುತ್ತದೆ, ಹೇಗೆಂದು ನೋಡೋಣ.

1. ಮೊದಲು ಪಟ್ಟಿಗೆ ಕತ್ತರಿ ಹಾಕಿ

ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಲಡಕಿ ಉಂಡಿ, ಗುಳ್ಳಡಕಿ ಉಂಡಿ, ಅಂಟಿನುಂಡಿ, ಚುರುಮುರಿ ಉಂಡಿ, ತಂಬಿಟ್ಟು. ಪಟ್ಟಿ ಓದಿದರೇ ದಣಿವಾಗುತ್ತದೆ, ಅಲ್ವಾ? ಇವೆಲ್ಲ ಒಂದೇ ಮನೆಯಲ್ಲಿ ಆಗುತ್ತಿದ್ದದ್ದು ನಾಲ್ಕು ಜನ ಹೆಂಗಸರು ಕೂಡಿ ಕೂತು ಕಟ್ಟುತ್ತಿದ್ದಾಗ.

ಎರಡು ಬಗೆ ಮನೆಯಲ್ಲಿ ಮಾಡಿ, ಒಂದು ಬಗೆ ಕೊಂಡು ತನ್ನಿ. ಅಷ್ಟು ಸಾಕು. ಮಾಡುವ ಎರಡೂ ಪಾಕ ಬೇಡದವು ಆಗಿರಲಿ. ಲಡಕಿ, ಗುಳ್ಳಡಕಿ ರುಚಿಯೇನೋ ಹೌದು. ಆದರೆ ಮೊದಲು ಕರಿಯಬೇಕು, ಆಮೇಲೆ ಪಾಕಕ್ಕೆ ಹಾಕಬೇಕು, ಅರ್ಧ ದಿನ ಅಲ್ಲೇ ಹೋಗುತ್ತದೆ. ಅವನ್ನು ಊರಿಂದ ಬರುವ ದೊಡ್ಡವ್ವನೋ ಅತ್ತಿಗೆಯೋ ತರಲಿ. ಅಂಟಿನುಂಡಿಯ ಜಾಗಕ್ಕೆ ಅಮೀನಗಡದ ಕರದಂಟು ಇದೆ. ಅಂಟು, ಕೊಬ್ಬರಿ, ಬೆಲ್ಲ, ಒಣಹಣ್ಣು ಎಲ್ಲ ಅದರಲ್ಲೇ ಇರುತ್ತದೆ. ಬೆಳಗಾವಿ ಕಡೆಯವರಾದರೆ ಗೋಕಾಕದ್ದು. ಕೊಂಡು ತಂದದ್ದು ಹಬ್ಬದ್ದಲ್ಲ ಅನ್ನುವವರು ಅನ್ನಲಿ ಬಿಡಿ.

ಬೆಲ್ಲದಲ್ಲಿ ಮಾತ್ರ ಕಂಜೂಸಿ ಬೇಡ. ಮಹಾಲಿಂಗಪುರದ ಬೆಲ್ಲದ ಪೇಟೆ ನಮ್ಮ ಜಿಲ್ಲೆಯಲ್ಲೇ ಇದೆ. ಒಡೆದರೆ ಗಟ್ಟಿಯಾಗಿ ಹೋಳಾಗುವ ಬೆಲ್ಲ ತನ್ನಿ. ಶ್ರಾವಣದ ತಂಪಿಗೆ ಬೆಲ್ಲ ಬೇಗ ನೀರೊಡೆಯುತ್ತದೆ. ಕೈಗೆ ಅಂಟುವ ಬೆಲ್ಲದಲ್ಲಿ ಕಟ್ಟಿದ ಉಂಡಿ ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ.

2. ಹಬ್ಬದ ಹಿಂದಿನ ಭಾನುವಾರ: ಉಂಡಿ

ಅರ್ಧ ಕಿಲೋ ಶೇಂಗಾ, 300 ಗ್ರಾಂ ಬೆಲ್ಲ, 6 ಏಲಕ್ಕಿ. ಇಷ್ಟರಲ್ಲಿ ಲಿಂಬೆಹಣ್ಣಿನ ಗಾತ್ರದ ಸುಮಾರು 30 ಉಂಡಿ ಆಗುತ್ತವೆ.

ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ಹುರಿಯಿರಿ. ಹದಿನೈದು ನಿಮಿಷವಾದರೂ ಬೇಕು. ಉರಿ ಜೋರು ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಒತ್ತಿ. ಸಿಪ್ಪೆ ಪಟ್ಟನೆ ಬಿಟ್ಟು, ಕಾಳು ಎರಡು ಬೇಳೆಯಾಗಿ, ಒಳಗೆ ತಿಳಿ ಕಂದು ಬಣ್ಣ ಕಂಡರೆ ಆಯಿತು. ಇಳಿಸಿ ಹಳೆಯ ಕಾಟನ್ ಬಟ್ಟೆಯ ಮೇಲೆ ಹರವಿ ಆರಲು ಬಿಡಿ.

ಇಲ್ಲಿಂದ ಮಕ್ಕಳ ಕೆಲಸ. ಆರಿದ ಶೇಂಗಾವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅವರ ಕೈಗೆ ಕೊಟ್ಟು ತಿಕ್ಕಲು ಹೇಳಿ. ಐದು ನಿಮಿಷದಲ್ಲಿ ಸಿಪ್ಪೆಯೆಲ್ಲ ಬಿಟ್ಟಿರುತ್ತದೆ. ಮೊರದಲ್ಲಿ ಕೇರುವುದನ್ನು ಅಂಗಳದಲ್ಲೋ ಮಾಳಿಗೆಯ ಮೇಲೋ ಮಾಡಿಸಿ. ಒಳಗೆ ಮಾಡಿಸಿದರೆ ಸಿಪ್ಪೆ ಗಣೇಶ ಚೌತಿಯವರೆಗೂ ಸೋಫಾ ಕೆಳಗೆ ಸಿಗುತ್ತಿರುತ್ತದೆ.

ಈಗ ಮಿಕ್ಸರ್. ಶೇಂಗಾ, ಪುಡಿ ಮಾಡಿದ ಬೆಲ್ಲ, ಏಲಕ್ಕಿ ಸೇರಿಸಿ ಮೂರು ಸಲಕ್ಕೆ ಹಂಚಿಕೊಳ್ಳಿ. ಒಂದೇ ಸಮನೆ ತಿರುಗಿಸಬೇಡಿ. ಗಿರ್ ಎನಿಸಿ ನಿಲ್ಲಿಸಿ, ಚಮಚದಿಂದ ಕೆದಕಿ, ಮತ್ತೆ ಗಿರ್ ಎನಿಸಿ. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ತಿರುಗಿದ ಬಿಸಿಗೆ ಅದು ಹೊರಬಂದು ಬೆಲ್ಲವನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಇಲ್ಲಿ ಪಾಕ ಬೇಡ. ಜಾಸ್ತಿ ತಿರುಗಿಸಿದರೆ ಎಣ್ಣೆ ಪೂರ್ತಿ ಬಿಟ್ಟು ಮುದ್ದೆಯಾಗುತ್ತದೆ. ತರಿತರಿ ಇರುವಾಗಲೇ ನಿಲ್ಲಿಸಿ, ಪರಾತಕ್ಕೆ ಸುರಿದು, ಇನ್ನೂ ಬೆಚ್ಚಗಿರುವಾಗಲೇ ಕಟ್ಟಿ. ಉದುರುತ್ತಿದ್ದರೆ ಒಂದು ಚಮಚ ಬಿಸಿ ತುಪ್ಪ ಹಾಕಿ. ನೀರಿನ ಕೈ ಮಾತ್ರ ತಾಗಬಾರದು. ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಎರಡು ವಾರ ಆರಾಮಾಗಿ ಇರುತ್ತದೆ. ಇರುವುದಿಲ್ಲ, ಖಾಲಿಯಾಗುತ್ತದೆ, ಅದು ಬೇರೆ ಮಾತು.

ಎರಡನೆಯದು ಪುಟಾಣಿ (ಹುರಿಗಡಲೆ) ತಂಬಿಟ್ಟು. ಒಂದು ಲೋಟ ಪುಟಾಣಿ ಹಿಟ್ಟು, ಮುಕ್ಕಾಲು ಲೋಟ ಬೆಲ್ಲದ ಪುಡಿ, ಎರಡು ಚಮಚ ಒಣಕೊಬ್ಬರಿ ತುರಿ, ಮೂರು-ನಾಲ್ಕು ಚಮಚ ಬೆಚ್ಚಗಿನ ತುಪ್ಪ. ಕಲಸಿ ಕಟ್ಟಿ, ಅಷ್ಟೇ. ತುಪ್ಪವನ್ನು ನೀವು ಬಿಸಿ ಮಾಡಿಕೊಟ್ಟರೆ ಉಳಿದದ್ದನ್ನು ಐದಾರು ವರ್ಷದವರೂ ಮಾಡುತ್ತಾರೆ. ಉಂಡಿ ಸೊಟ್ಟಗಿದ್ದರೆ ಇರಲಿ, ನೀವು ತಿದ್ದಲು ಹೋಗಬೇಡಿ.

ಚುರುಮುರಿ ಉಂಡಿ ಬೇಕೇ ಬೇಕು ಎಂದು ಹಟ ಹಿಡಿದರೆ ಮಾಡಿ. ಆದರೆ ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ. ಕುದಿಯುವ ಬೆಲ್ಲದ ಪಾಕ ಚರ್ಮಕ್ಕೆ ಹತ್ತಿದರೆ ಬಿಡುವುದಿಲ್ಲ, ಬಿಸಿನೀರಿಗಿಂತ ಕೆಟ್ಟದಾಗಿ ಸುಡುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಇಡೀ ಶೇಂಗಾ ಕಾಳು, ಜೋಳದ ಅಳ್ಳು (ಹುರಿದು ಅರಳಿಸಿದ ಜೋಳ) ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇರುತ್ತದೆ. ಅವರಿಗೆ ಪುಡಿ ಮಾಡಿ ಕಟ್ಟಿದ ಮೆತ್ತನೆಯ ಉಂಡಿಯೇ ಸರಿ.

ಅಳ್ಳನ್ನು ಪೇಟೆಯಿಂದ ತನ್ನಿ. ಮನೆಯಲ್ಲಿ ಹುರಿಯಲು ಅಳ್ಳಿನ ಜೋಳವೇ ಬೇಕು. ರೊಟ್ಟಿಗೆ ತಂದ ಜೋಳ ಬಾಣಲೆಗೆ ಹಾಕಿದರೆ ಅರ್ಧ ಅರಳುವುದೇ ಇಲ್ಲ.

3. ರೊಟ್ಟಿ ಪಂಚಮಿ: ತಟ್ಟುವುದು ಬೇಡ, ಹಂಚುವುದು ಬೇಕು

ಖಡಕ್ ರೊಟ್ಟಿ ಈಗ ಓಣಿಗೊಂದು ಮನೆಯಲ್ಲಿ ತಟ್ಟಿ ಮಾರುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಸಿಗುತ್ತದೆ. ನಾಲ್ಕು ದಿನ ಮೊದಲೇ ಹೇಳಿಡಿ, ಹಬ್ಬದ ಹಿಂದಿನ ದಿನ ಹೋದರೆ ಖಾಲಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಇದ್ದರೆ ಅರ್ಧ ಊಟ ಆಯಿತು.

ಮಾಡಬೇಕಾದ್ದು ಮಡಕಿ ಕಾಳಿನ ಪಲ್ಯ ಒಂದೇ. ಎರಡು ರಾತ್ರಿ ಮೊದಲು ಕಾಳು ನೆನೆಹಾಕಿ. ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಪಾತ್ರೆಯಲ್ಲಿಟ್ಟು ಮುಚ್ಚಿ. ಮೊಳಕೆ ಬಂತಾ ಎಂದು ಗಂಟು ಬಿಚ್ಚಿ ನೋಡುವ ಜವಾಬ್ದಾರಿಯನ್ನು ಮಗುವಿಗೆ ಕೊಡಿ. ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ಓಡಿ, "ಅವ್ವಾ, ಬಾಲ ಬಂದಾವ ನೋಡ!" ಎಂದು ಕೂಗುತ್ತಾರೆ. ವಿಜ್ಞಾನದ ಪಾಠವೂ ಅಲ್ಲಿಗೆ ಆಯಿತು.

ಪಲ್ಯಕ್ಕೆ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಉಳ್ಳಾಗಡ್ಡಿ, ಮಸಾಲಿ ಖಾರ. ಕಾಳು ಹಾಕಿ, ನೀರು ಚಿಮುಕಿಸಿ, ಮುಚ್ಚಿ ಹತ್ತು-ಹನ್ನೆರಡು ನಿಮಿಷ. ಕೊನೆಗೆ ಶೇಂಗಾ ಪುಡಿ, ಚೂರು ಬೆಲ್ಲ. ಮಕ್ಕಳ ಪಾಲನ್ನು ಖಾರ ಹಾಕುವ ಮುಂಚೆ ತೆಗೆದು ಬೇರೆ ಬೇಯಿಸಿ.

ಆಮೇಲೆ ಹಂಚಲು ಕಳಿಸಿ. ಎರಡು ರೊಟ್ಟಿ, ಮೇಲೆ ಪಲ್ಯ, ಪಕ್ಕಕ್ಕೆ ಚಟ್ನಿ. ತಟ್ಟೆ ಹಿಡಿದು ಪಕ್ಕದ ಮನೆಗೆ ಹೋಗುವುದು ಮಕ್ಕಳೇ ಆಗಿರಲಿ. ಬಾಗಲಕೋಟೆಯ ನವನಗರದ ಸೆಕ್ಟರ್‌ಗಳಲ್ಲಿ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಂದವರೂ ಇದ್ದಾರೆ, ನೌಕರಿಗೆಂದು ಬೇರೆ ಜಿಲ್ಲೆಯಿಂದ ಬಂದವರೂ ಇದ್ದಾರೆ. ಎದುರು ಮನೆಯವರ ಹೆಸರೇ ಗೊತ್ತಿರುವುದಿಲ್ಲ. ಒಂದು ತಟ್ಟೆ ರೊಟ್ಟಿ ಹೋದರೆ ಗೊತ್ತಾಗುತ್ತದೆ. ತಟ್ಟೆ ಖಾಲಿ ವಾಪಸ್ ಬರುವುದೂ ಇಲ್ಲ.

4. ಚೌತಿಯ ಬೆಳಿಗ್ಗೆ: ಹದಿನೈದು ನಿಮಿಷ

ಮಣ್ಣಿನ ನಾಗಪ್ಪನನ್ನು ಮಣೆಯ ಮೇಲಿಟ್ಟು ಹಾಲೆರೆಯುವಾಗ ಒಬ್ಬೊಬ್ಬರ ಹೆಸರು ಹೇಳಿ ಪಾಲು ಹಾಕುವ ರೂಢಿ ಇದೆ: ದೇವರ ಪಾಲು, ಆಯಿ ಪಾಲು, ಅಜ್ಜನ ಪಾಲು. ಮಕ್ಕಳ ಕೈಗೆ ಕೊಟ್ಟರೆ ನಾಯಿಯ ಪಾಲು, ಸ್ಕೂಟಿಯ ಪಾಲೂ ಸೇರುತ್ತದೆ. ಸೇರಲಿ. ಎರೆಯಲು ಚಮಚ ಹಾಲು ಸಾಕು. ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ, ಇದನ್ನೂ ಮಕ್ಕಳಿಗೆ ಅಂದೇ ಹೇಳಿ. ಉಳಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಅವರಿಗೇ ಕೊಟ್ಟುಬಿಡಿ.

5. ಪಂಚಮಿಯ ಸಂಜೆ: ಜೋಕಾಲಿ

ಉಂಡಿಯಲ್ಲಿ ಎಷ್ಟು ಬೇಕಾದರೂ ಕಡಿಮೆ ಮಾಡಿ, ಜೋಕಾಲಿ ಬಿಡಬೇಡಿ. ಮಕ್ಕಳಿಗೆ ಪಂಚಮಿ ಅಂದರೆ ಅದೇ. ಒಬ್ಬರಾದರೂ ಅಂದು ಐದಕ್ಕೆ ಮನೆ ಮುಟ್ಟುವ ಹಾಗೆ ವಾರದ ಮೊದಲೇ ಮಾತಾಡಿಕೊಳ್ಳಿ.

ಹಳೇ ಮನೆಗಳಲ್ಲಿ ತೊಲೆ ಇತ್ತು, ಹಗ್ಗ ಎಸೆದರೆ ಆಯಿತು. ಸಿಮೆಂಟ್ ಮನೆಯಲ್ಲಿ ಜನ ಮೇಲೆ ನೋಡಿ ಫ್ಯಾನಿನ ಕೊಂಡಿಗೆ ಕೈ ಹಾಕುತ್ತಾರೆ. ಖಂಡಿತ ಬೇಡ. ಅದು ನೇತಾಡುವ ಫ್ಯಾನಿಗೆ ಇಟ್ಟದ್ದು, ಜೀಕುವ ಮಗುವಿನ ಎಳೆತಕ್ಕಲ್ಲ. ಬಾಲ್ಕನಿಯ ಕಂಬಿಗೂ ಬೇಡ. ಸ್ಲ್ಯಾಬ್ ಹಾಕುವಾಗಲೇ ಜೋಕಾಲಿಗೆಂದು ಕೊಂಡಿ ಬಿಡಿಸಿದ್ದರೆ ಮಾತ್ರ ಸರಿ. ಇಲ್ಲದಿದ್ದರೆ ಮರ ಹುಡುಕಿ.

ಬೇವಿನ ಮರ, ಹುಣಸೆ ಮರ ಒಳ್ಳೆಯದು. ನುಗ್ಗೆ ಮರ ಮೆದು, ಪಟ್ಟನೆ ಮುರಿಯುತ್ತದೆ. ಹಸಿ ಟೊಂಗೆ ಆಗಿರಬೇಕು, ದೊಡ್ಡವರ ತೊಡೆಯಷ್ಟಾದರೂ ದಪ್ಪ ಇರಬೇಕು, ಹತ್ತಿರ ಕರೆಂಟ್ ತಂತಿ ಇರಬಾರದು. ಹಗ್ಗ ಟೊಂಗೆಗೆ ಉಜ್ಜುವ ಜಾಗಕ್ಕೆ ಗೋಣಿಚೀಲ ಸುತ್ತಿ. ಹಳೇ ಹಗ್ಗವಾದರೆ ಇಡೀ ಉದ್ದಕ್ಕೂ ಕೈಯಾಡಿಸಿ, ಒಂದು ಎಳೆ ಹರಿದಿದ್ದರೂ ಬಿಟ್ಟುಬಿಡಿ. ಹಗ್ಗ ಕೂರಲು ಎರಡೂ ತುದಿಗೆ ಕಚ್ಚು ತೆಗೆದ ಮಣೆ, ಮೇಲೆ ಮಡಿಚಿದ ಕೌದಿ. ಮೊದಲು ದೊಡ್ಡವರೊಬ್ಬರು ಕೂತು ಪೂರ್ತಿ ಭಾರ ಬಿಟ್ಟು ನೋಡಬೇಕು. ಹಿಂದೆ-ಮುಂದೆ ಜೀಕುವ ದಾರಿಯಲ್ಲಿ ಕಲ್ಲು, ಬೈಕು ಇದ್ದರೆ ಸರಿಸಿ. ಸಣ್ಣವರನ್ನು ಪಕ್ಕಕ್ಕೆ ನಿಲ್ಲಿಸಿ, ಮುಂದೆ ಅಲ್ಲ.

ಪಾಳಿಗೆ ಜಗಳ ಗ್ಯಾರಂಟಿ. ಒಬ್ಬರಿಗೆ ಇಪ್ಪತ್ತು ಜೀಕು, ಎಣಿಸುವುದು ಮುಂದಿನ ಪಾಳಿಯವರು. ಎಣಿಕೆಯಲ್ಲಿ ಮೋಸ ಆಗುತ್ತದೆ, ಕಂಡೂ ಕಾಣದ ಹಾಗೆ ಇರಿ.

6. ಮರ ಸಿಗದಿದ್ದರೆ, ಅಥವಾ ಮಳೆ ಬಂದರೆ

ಒಣಕೊಬ್ಬರಿ ಬಟ್ಟಲಿಗೆ ಎರಡು ತೂತು ಕೊರೆದು, ದಾರ ಪೋಣಿಸಿ, ಎರಡೂ ಕೈಯಲ್ಲಿ ಹಿಡಿದು ಸುತ್ತಿ ಎಳೆದರೆ ಗುಂಯ್ ಎಂದು ತಿರುಗುತ್ತದೆ. ತೂತು ಮಾತ್ರ ನೀವೇ ಕೊರೆದು ಕೊಡಿ. ಆಡಿ ಬೇಸರವಾದ ಮೇಲೆ ಕೊಬ್ಬರಿ ತಿನ್ನಬಹುದು, ಯಾವ ಆಟಿಕೆಗೂ ಈ ಗುಣ ಇಲ್ಲ. ಬಯಲು ಇದ್ದರೆ ಲಿಂಬೆಹಣ್ಣು ಎಸೆಯುವ ಪಂದ್ಯ ಇಡಿ: ಗೆರೆ ಎಳೆದು, ಆ ಬದಿಯ ಮರ ಎಷ್ಟು ಎಸೆತಕ್ಕೆ ಮುಟ್ಟುತ್ತದೆ ಎಂದು. ಇಂಡಿ ಕಡೆಯ ಲಿಂಬೆ ನಮ್ಮ ಪೇಟೆಗೆ ಧಾರಾಳ ಬರುತ್ತದೆ, ಆರು ತಂದರೆ ಸಾಕು. ಎಸೆದ ಲಿಂಬೆಯನ್ನು ತೊಳೆದು ರಾತ್ರಿ ಶರಬತ್ತು ಮಾಡಿ. ಗೆದ್ದವರಿಗೆ ಒಂದು ಉಂಡಿ ಜಾಸ್ತಿ, ಸೋತವರಿಗೂ ಕೊಡಿ, ಇಲ್ಲದಿದ್ದರೆ ರಾತ್ರಿ ನಿದ್ದೆ ಇಲ್ಲ.

ಮರುದಿನ ಮತ್ತೆ ಆಫೀಸು, ಶಾಲೆ. ಉಂಡಿ ಟಿಫಿನ್ ಡಬ್ಬಿಗೆ ಒಂದೊಂದು. ಒಡೆದವನ್ನು ಬಿಸಿ ಹಾಲಿಗೆ ಪುಡಿ ಮಾಡಿ ಹಾಕಿ. ಉಳಿದ ಖಡಕ್ ರೊಟ್ಟಿಯನ್ನು ಮುರಿದು, ನೀರು ಚಿಮುಕಿಸಿ ಐದು ನಿಮಿಷ ಬಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ ಕಲಸಿದರೆ ಬೆಳಗಿನ ನಾಷ್ಟಾ ಆಯಿತು. ಮೇಲೆ ಮೊಸರು ಹಾಕಿಕೊಳ್ಳಿ.