ರಟ್ಟಿನ ಕಟ್ಟಡ, ಅಂಚಿನ ಕೆಲಸ

ಮಾದರಿ ರೈಲಿಗಾಗಿ ನಾನು ಮೊದಲು ಮಾಡಿದ ಕಟ್ಟಡ ಒಂದು ಪುಟ್ಟ ಸ್ಟೇಷನ್. ಎರಡು ಕೋಣೆ, ಒಂದು ಟಿಕೆಟ್ ಕಿಟಕಿ, ಮುಂದಕ್ಕೆ ಚಾಚಿದ ಮಾಡು. ಅಚ್ಚಾದ ಹಾಳೆಯಲ್ಲಿ ಇಟ್ಟಿಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ಕತ್ತರಿಸಿ ಅಂಟಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಹಳಿ ಪಕ್ಕ ಇಟ್ಟಾಗ ಅದು ಪೆಟ್ಟಿಗೆ ಥರ ಕಂಡಿತು. ಯಾಕೆ ಅಂತ ಹೊಳೆಯೋಕೆ ಎರಡು ದಿನ ಬೇಕಾಯಿತು. ನಾಲ್ಕೂ ಮೂಲೆಯಲ್ಲಿ ರಟ್ಟಿನ ಬಿಳಿ ಗೆರೆ. ಕಿಟಕಿ ಸುತ್ತ ಬಿಳಿ ಗೆರೆ. ಮಾಡಿನ ತುದಿಗೂ ಅದೇ. ಗೋಡೆ ಬುಡದಲ್ಲಿ ಸಣ್ಣ ಸಂದು, ಅದರೊಳಗಿಂದ ಬೆಳಕು. ಗೋಡೆಯ ನಡುವೆ ತಪ್ಪೇ ಇರಲಿಲ್ಲ. ತಪ್ಪೆಲ್ಲ ಅಂಚಿನಲ್ಲಿತ್ತು.

ಆಮೇಲೆ ಸಿಗ್ನಲ್ ಕ್ಯಾಬಿನ್, ಗೂಡ್ಸ್ ಶೆಡ್, ಸಾಲುಮನೆ ಅಂತ ಹತ್ತಾರು ಕಟ್ಟಡ ಮಾಡಿದ್ದೇನೆ. ಕಲಿತದ್ದರಲ್ಲಿ ಮುಕ್ಕಾಲು ಪಾಲು ಅಂಚಿನ ಬಗ್ಗೆಯೇ.

ಮೊದಲು ಅಳತೆ. ನಾನು ಕೆಲಸ ಮಾಡುವುದು ಓಓ ಅಳತೆಯಲ್ಲಿ, ಅಂದರೆ ನಿಜದ ಒಂದು ಅಡಿಗೆ 4 ಮಿ.ಮೀ., ಸುಮಾರು 1:76. ಎಚ್‌ಓ ಅಂದರೆ ಅಡಿಗೆ 3.5 ಮಿ.ಮೀ., 1:87. ಎರಡಕ್ಕೂ ಹಳಿಯ ಅಗಲ ಒಂದೇ, 16.5 ಮಿ.ಮೀ. ಹಾಗಾಗಿ ಎರಡೂ ಒಂದೇ ಅಂದುಕೊಂಡು ಒಂದರ ಕಟ್ಟಡವನ್ನು ಇನ್ನೊಂದರ ಪಕ್ಕ ಇಡುವವರಿದ್ದಾರೆ. ಎರಡು ಮೀಟರ್ ಬಾಗಿಲು ಓಓನಲ್ಲಿ 26 ಮಿ.ಮೀ. ಬರುತ್ತದೆ, ಎಚ್‌ಓನಲ್ಲಿ 23. ಪಕ್ಕದಲ್ಲಿ ಒಂದು ಆಳಿನ ಗೊಂಬೆ ನಿಲ್ಲಿಸಿದರೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಹಾಳೆಯನ್ನು ನೀವೇ ಪ್ರಿಂಟ್ ಮಾಡುವುದಾದರೆ ಇನ್ನೊಂದು ಮಾತು. ಪುಟಕ್ಕೆ ಹೊಂದಿಸು ಅನ್ನುವ ಆಯ್ಕೆಯನ್ನು ತೆಗೆದು, ಪೂರ್ತಿ 100 ಶೇಕಡಾ ಇಟ್ಟು ಪ್ರಿಂಟ್ ಮಾಡಿ. ನಾನೊಮ್ಮೆ ಅದನ್ನು ನೋಡದೆ 97 ಶೇಕಡಾದಲ್ಲಿ ಪ್ರಿಂಟ್ ಮಾಡಿದ್ದೆ. ಮೂರು ಶೇಕಡಾ ಏನು ಮಹಾ ಅನ್ನಿಸಬಹುದು, ಆದರೆ 200 ಮಿ.ಮೀ. ಗೋಡೆಯಲ್ಲಿ ಅದು 6 ಮಿ.ಮೀ. ಮೊದಲೇ ಕತ್ತರಿಸಿಟ್ಟಿದ್ದ ರಟ್ಟಿಗೆ ಹಾಳೆ ಸಾಲಲಿಲ್ಲ. ಈಗ ಪ್ರತಿ ಹಾಳೆಯ ಮೂಲೆಯಲ್ಲೂ 100 ಮಿ.ಮೀ. ಗೆರೆ ಒಂದನ್ನು ಹಾಕಿ, ಪ್ರಿಂಟ್ ಆದಮೇಲೆ ಅಳೆದು ನೋಡುತ್ತೇನೆ.

ಗೋಡೆಯ ದಪ್ಪಕ್ಕೆ ಜಾಸ್ತಿ ಗಮನ ಕೊಡಿ. ತೆಳು ಕಾರ್ಡಿನ ಹಿಂದೆ ಕಿಟಕಿ ಅಂಟಿಸಿದರೆ ಗಾಜು ಗೋಡೆಯ ಮೇಲೆ ಬರೆದ ಹಾಗೆ ಇರುತ್ತದೆ. ನಿಜವಾದ ಇಟ್ಟಿಗೆ ಗೋಡೆ 23 ಸೆಂ.ಮೀ. ದಪ್ಪ ಇದ್ದರೆ ನಮ್ಮ ಅಳತೆಯಲ್ಲಿ ಅದು 3 ಮಿ.ಮೀ. ಅದಕ್ಕೇ ನಾನು 1 ಮಿ.ಮೀ. ಬೂದು ರಟ್ಟು ಮುಂದೆ, 2 ಮಿ.ಮೀ. ರಟ್ಟು ಹಿಂದೆ ಇಟ್ಟು ಅಂಟಿಸುತ್ತೇನೆ. ಹಿಂದಿನದರಲ್ಲಿ ಕಿಟಕಿಯ ತೂತು ಸುತ್ತಲೂ 2 ಮಿ.ಮೀ. ದೊಡ್ಡದು. ಆ ಮೆಟ್ಟಿಲಿನಲ್ಲಿ ಕಿಟಕಿಯ ಚೌಕಟ್ಟು ಕೂರುತ್ತದೆ. ಗಾಜು 1 ಮಿ.ಮೀ. ಒಳಗೆ ಹೋದರೂ ಸಾಕು, ಬದಿಯಿಂದ ಬೆಳಕು ಬಿದ್ದಾಗ ಚೌಕಟ್ಟಿನ ಮೇಲೆ ನೆರಳು ಬೀಳುತ್ತದೆ. ಗೋಡೆಗೆ ಜೀವ ಬರುವುದು ಆ ನೆರಳಿನಿಂದ.

ಕತ್ತರಿಸುವಾಗ ಒತ್ತಬೇಡಿ. 2 ಮಿ.ಮೀ. ರಟ್ಟನ್ನು ನಾನು ಎಂಟು ಹತ್ತು ಸಲ ಹಗುರವಾಗಿ ಎಳೆದು ಕತ್ತರಿಸುತ್ತೇನೆ. ಮೊದಲ ಎರಡು ಎಳೆತ ಬರೀ ದಾರಿ ಮಾಡೋಕೆ. ಒತ್ತಿ ಎಳೆದರೆ ಬ್ಲೇಡ್ ವಾಲುತ್ತದೆ, ಅಂಚು ಓರೆಯಾಗುತ್ತದೆ, ಓರೆ ಅಂಚು ಮೂಲೆಯಲ್ಲಿ ಕೂಡುವುದಿಲ್ಲ. ಕಿಟಕಿ ತೂತನ್ನು ಮೂಲೆಯಿಂದ ನಡುವಿನ ಕಡೆಗೆ ಎಳೆಯಿರಿ, ನಾಲ್ಕೂ ಮೂಲೆಯಿಂದ. ಆಗ ಬ್ಲೇಡ್ ಗೆರೆ ದಾಟಿ ಹೋಗುವುದಿಲ್ಲ. ಬ್ಲೇಡ್ ಮೊಂಡಾದರೆ ರಟ್ಟು ಹರಿದು ಹತ್ತಿಯ ಹಾಗೆ ಎದ್ದು ನಿಲ್ಲುತ್ತದೆ. ಆಮೇಲೆ ಯಾವ ಬಣ್ಣ ಹಚ್ಚಿದರೂ ಅಂಚು ಕೊಳಕಾಗಿಯೇ ಕಾಣುತ್ತದೆ. ಬ್ಲೇಡ್ ಬದಲಿಸೋಕೆ ಹಿಂದೆ ಮುಂದೆ ನೋಡಬೇಡಿ.

ಈಗ ಬಣ್ಣ. ಮೊದಮೊದಲು ಸ್ಕೆಚ್ ಪೆನ್ನಿನಿಂದ ಅಂಚಿಗೆ ಬಣ್ಣ ಹಚ್ಚುತ್ತಿದ್ದೆ. ಸಿಗ್ನಲ್ ಕ್ಯಾಬಿನ್ನಿನ ಒಂದು ಗೋಡೆ ಹಾಗೇ ಹಾಳಾಯಿತು. ಪೆನ್ನಿನ ಶಾಯಿ ಅಂಚಿನಿಂದ ಕಾಗದದ ನಾರಿನೊಳಗೆ ಇಳಿದು, ಮುಖದ ಮೇಲೆ ಒಂದು ಮಿ.ಮೀ. ಒಳಗಿನವರೆಗೂ ಕೆಂಪು ಕಲೆಯಾಗಿ ಹರಡಿತು. ಅಷ್ಟರಲ್ಲಿ ಒಂದು ಇಟ್ಟಿಗೆ ವರಸೆಯೇ ಮುಳುಗಿಹೋಯಿತು. ಆಮೇಲಿಂದ ಒಣ ಬಣ್ಣದ ಪೆನ್ಸಿಲ್ ಮಾತ್ರ. ತುದಿಯನ್ನು ಅಂಚಿಗೆ ಓರೆಯಾಗಿ ಇಟ್ಟು, ಒಳಗಿನಿಂದ ಹೊರಗೆ ತಿಕ್ಕುತ್ತೇನೆ. ಬಣ್ಣ ಇಟ್ಟಿಗೆಗಿಂತ ಒಂದು ಛಾಯೆ ಗಾಢ ಇರಲಿ. ತೆಳುವಾದರೆ ಅಂಚು ಮಿಂಚುತ್ತದೆ, ಗಾಢವಾದರೆ ನೆರಳಿನ ಹಾಗೆ ಮರೆಯಾಗುತ್ತದೆ. ಇದೆಲ್ಲ ಅಂಟಿಸುವ ಮೊದಲೇ ಆಗಬೇಕು. ಅಂಟು ಮೆತ್ತಿದ ಜಾಗಕ್ಕೆ ಪೆನ್ಸಿಲ್ ಹತ್ತುವುದಿಲ್ಲ.

ಮೂಲೆಯಲ್ಲಿ ಇನ್ನೊಂದು ಕಷ್ಟ ಇದೆ. ಗಾರೆ ಸೇರಿಸಿ ಇಟ್ಟಿಗೆಯ ಒಂದು ವರಸೆ ಸುಮಾರು 7.5 ಸೆಂ.ಮೀ. ಎತ್ತರ, ನಮ್ಮಲ್ಲಿ ಅದು 1 ಮಿ.ಮೀ. ಎರಡು ಗೋಡೆ ಕೂಡುವಲ್ಲಿ ಅರ್ಧ ಮಿ.ಮೀ. ಏರುಪೇರಾದರೂ ಅದು ಅರ್ಧ ವರಸೆ. ಕಣ್ಣು ಅದನ್ನು ಬಿಡುವುದೇ ಇಲ್ಲ. ಹಾಗಾಗಿ ಇಟ್ಟಿಗೆ ಹಾಳೆಯನ್ನು ಮೂಲೆಯಲ್ಲಿ ಕತ್ತರಿಸದೆ, ಸುಮ್ನೆ ಹಿಂಬದಿಯಿಂದ ಹಗುರವಾಗಿ ಗೀರಿ, ಮಡಿಸಿ, ಮುಂದಿನ ಗೋಡೆಗೂ ಸುತ್ತಿಸುತ್ತೇನೆ. ಹೊರಗೆ ಕಾಣುವ ಮೂಲೆಯಲ್ಲೆಲ್ಲ ಮಡಿಕೆ. ಸೇರಿಕೆ ಬರುವುದು ಯಾರೂ ನೋಡದ ಹಿಂಬದಿ ಮೂಲೆಯಲ್ಲಿ ಒಂದೇ ಕಡೆ.

ರಟ್ಟು ಬಾಗುವುದರ ಬಗ್ಗೆ ಕೇಳುವವರು ಬಹಳ. ಒಂದೇ ಬದಿಗೆ ಕಾಗದ ಅಂಟಿಸಿದರೆ ಒಣಗುವಾಗ ಆ ಕಾಗದ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಹಿಂಬದಿಗೂ ಸಾದಾ ಕಾಗದ ಅಂಟಿಸಿ. ಎರಡೂ ಕಡೆ ಎಳೆತ ಸಮವಾದರೆ ಗೋಡೆ ನೆಟ್ಟಗಿರುತ್ತದೆ. ಬಿಳಿ ಅಂಟು ತೆಳುವಾಗಿ ಸಾಕು. ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗೆ ಇಡಿ. ಉದ್ದ ಗೋಡೆಗೆ ಒಳಗೆ ಅಡ್ಡ ರಟ್ಟುಗಳನ್ನು ಮೂಲೆಮಟ್ಟ ಹಿಡಿದು ನಿಲ್ಲಿಸಿ.

ಕಿಟಕಿ ಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದಕ್ಕೆ ಸೂಪರ್ ಗ್ಲೂ ಬೇಡವೇ ಬೇಡ. ಅದರ ಆವಿ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜಿನ ಹಾಗೆ ಕೂತುಬಿಡುತ್ತದೆ. ಗೂಡ್ಸ್ ಶೆಡ್ಡಿನ ಹನ್ನೆರಡು ಕಿಟಕಿಯನ್ನು ನಾನು ಎರಡು ಸಲ ಮಾಡಬೇಕಾಯಿತು. ಗುಂಡುಪಿನ್ನಿನ ತುದಿಯಲ್ಲಿ ಬಿಳಿ ಅಂಟಿನ ಚುಕ್ಕೆ ಇಟ್ಟರೆ ಸಾಕು. ದೀಪ ಹಾಕುವ ಯೋಚನೆ ಇದ್ದರೆ, ಮಾಡು ಮುಚ್ಚುವ ಮೊದಲು ಒಳಗೋಡೆಗೆಲ್ಲ ಕಪ್ಪು ಬಣ್ಣ ಬಳಿಯಿರಿ. ಇಲ್ಲವಾದರೆ ಎಲ್‌ಇಡಿ ಹಚ್ಚಿದಾಗ ಮೂಲೆಯ ಸಂದುಗಳಿಂದ ಬೆಳಕು ಸೋರುತ್ತದೆ.

ನನಗೆ ತುಂಬ ಇಷ್ಟವಾದ ಕೆಲಸ ಮಾಡಿನದು. ಹೆಂಚು ಅಚ್ಚಾದ ಹಾಳೆಯನ್ನು ಹಾಗೇ ಅಂಟಿಸಿದರೆ ಅದು ಚಪ್ಪಟೆ. ನಾನು ಹಾಳೆಯನ್ನು ಒಂದೊಂದು ಸಾಲಾಗಿ ಪಟ್ಟಿ ಕತ್ತರಿಸುತ್ತೇನೆ. ಸ್ಲೇಟು ಹೆಂಚಾದರೆ, ಅಂದರೆ ಚಪ್ಪಟೆ ಕಲ್ಲಿನ ಹೆಂಚಾದರೆ, 3 ಮಿ.ಮೀ. ಕಾಣಬೇಕು, ನಿಜದಲ್ಲಿ ಅದು ಸುಮಾರು 23 ಸೆಂ.ಮೀ. ಮೇಲಿನ ಪಟ್ಟಿ ಹತ್ತಿ ಕೂರೋಕೆ ಇನ್ನೆರಡು ಮಿ.ಮೀ. ಹೆಚ್ಚಿಗೆ ಬಿಟ್ಟುಕೊಳ್ಳುತ್ತೇನೆ. ಹೆಂಚಿನ ನಡುವೆ ಬ್ಲೇಡ್ ತುದಿಯಿಂದ ಸಣ್ಣ ಸೀಳು ಕೊಟ್ಟು, ಅಲ್ಲಲ್ಲಿ ಒಂದೊಂದು ಹೆಂಚಿನ ಮೂಲೆ ಹಾರಿಸುತ್ತೇನೆ. ಪಟ್ಟಿಯ ಕೆಳ ಅಂಚಿಗೆ ಕಡುಬೂದು ಪೆನ್ಸಿಲ್. ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಮಳೆ ನೀರು ಇಳಿಯುವ ಲೆಕ್ಕದಲ್ಲಿ. ಸೂರಿನಲ್ಲಿ ಮೊದಲ ಸಾಲು ಎರಡು ಪದರ. ಎರಡನೇ ಸಾಲು ಅರ್ಧ ಹೆಂಚಿನಷ್ಟು ಪಕ್ಕಕ್ಕೆ ಸರಿದಿರಬೇಕು. ಮಾಮೂಲಿ ಪ್ರಿಂಟರಿನ 80 ಜಿಎಸ್‌ಎಂ ಕಾಗದ ಸುಮಾರು 0.1 ಮಿ.ಮೀ. ದಪ್ಪ. ಅದನ್ನು 76ರಿಂದ ಗುಣಿಸಿದರೆ ಏಳೂವರೆ ಮಿ.ಮೀ. ಆಗುತ್ತದೆ, ಹೆಚ್ಚುಕಡಿಮೆ ನಿಜವಾದ ಸ್ಲೇಟಿನ ದಪ್ಪ! ಈ ಲೆಕ್ಕ ಮೊದಲ ಸಲ ಹಾಕಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತೇ ಕೂತು ಒಂದು ಬದಿಯ ಮಾಡು ಮುಗಿಸಿದೆ. ಕಾಗದಕ್ಕಿಂತ ತಕ್ಕ ವಸ್ತು ಇದಕ್ಕೆ ಇನ್ನೊಂದಿಲ್ಲ.

ರಟ್ಟು ಅಂದರೆ ಕೆಳದರ್ಜೆ, ಪ್ಲಾಸ್ಟಿಕ್ ಅಂದರೆ ಮೇಲು ಅನ್ನುವವರಿಗೆ ನಾನು ಇಂಗ್ಲೆಂಡಿನ ಲಾಂಗ್ ವಿಟ್ಟೆನ್‌ಹ್ಯಾಮ್‌ನಲ್ಲಿರುವ ಪೆಂಡನ್ ಮ್ಯೂಸಿಯಮ್ಮಿನ ಚಿತ್ರ ತೋರಿಸುತ್ತೇನೆ. ರಾಯ್ ಇಂಗ್ಲೆಂಡ್ ಅನ್ನುವವರು 1954ರಲ್ಲಿ ಶುರು ಮಾಡಿದ್ದು ಅದು. ಅಲ್ಲಿ 1920 ಮತ್ತು 30ರ ದಶಕದ ಹಳ್ಳಿಮನೆಗಳನ್ನು ಅಡಿಗೆ 4 ಮಿ.ಮೀ. ಅಳತೆಯಲ್ಲಿ ಕಾರ್ಡಿನಲ್ಲೇ ಕಟ್ಟಿದ್ದಾರೆ. ಬಣ್ಣ ಹೆಚ್ಚಾಗಿ ವಾಟರ್ ಕಲರ್. ನಾನು ಕಲಿಯುತ್ತಿರುವುದು ಅದರಲ್ಲಿ ಒಂದು ಪಾಲು ಮಾತ್ರ.

ಕಟ್ಟಡ ನಿಂತ ಮೇಲೆ ಹೊಳಪು ತೆಗೆಯಬೇಕು. ಮ್ಯಾಟ್ ವಾರ್ನಿಷ್ ದೂರದಿಂದ ತೆಳುವಾಗಿ, ಎರಡು ಸಲ. ಇಂಕ್‌ಜೆಟ್ ಪ್ರಿಂಟ್ ಆಗಿದ್ದರೆ ಮೊದಲು ಬೇರೆ ತುಂಡಿನ ಮೇಲೆ ಹಾಕಿ ನೋಡಿ, ಕೆಲವು ಶಾಯಿ ಕದಡುತ್ತದೆ. ಆಮೇಲೆ ಒಣ ಪೇಸ್ಟಲ್ ಸೀಮೆಸುಣ್ಣವನ್ನು ಕೆರೆದು ಪುಡಿ ಮಾಡಿ, ಮೆತ್ತನೆ ಕುಂಚದಿಂದ ಹಚ್ಚುತ್ತೇನೆ. ಕೊಳೆಯನ್ನು ಎಲ್ಲೆಂದರಲ್ಲಿ ಮೆತ್ತಬಾರದು, ಅದು ಬರುವ ದಾರಿ ನೋಡಬೇಕು. ಕಿಟಕಿಯ ಹೊಸ್ತಿಲಿನ ಎರಡು ತುದಿಯಿಂದ ನೀರು ಇಳಿದು ಗೆರೆ ಆಗುತ್ತದೆ. ಗೋಡೆಯ ಬುಡದಲ್ಲಿ ಮಳೆಹನಿ ಚಿಮ್ಮಿ ಮಣ್ಣು ಹತ್ತುತ್ತದೆ. ಹಳಿ ಕಡೆಯ ಗೋಡೆಗೆ ಬ್ರೇಕಿನ ಕಬ್ಬಿಣದ ಧೂಳು ಬಿದ್ದು ತುಕ್ಕಿನ ಕಂದು ಬರುತ್ತದೆ. ಸ್ಟೀಮ್ ಎಂಜಿನ್ ಕಾಲದ ದೃಶ್ಯವಾದರೆ ಮಸಿಯೂ ಬೇಕು.

ಕೊನೆಯ ಅಂಚು ನೆಲದ್ದು. ಯಾವ ಕಟ್ಟಡವೂ ನೆಲದ ಮೇಲೆ ಇಟ್ಟ ಹಾಗೆ ಇರುವುದಿಲ್ಲ, ನೆಲದೊಳಗಿಂದ ಎದ್ದ ಹಾಗೆ ಇರುತ್ತದೆ, ಅಲ್ವಾ? ಅದಕ್ಕೆ ಗೋಡೆಯನ್ನು 3 ಮಿ.ಮೀ. ಉದ್ದ ಬಿಟ್ಟು, ನೆಲದ ರಟ್ಟಿನಲ್ಲಿ ಅಷ್ಟೇ ಆಳದ ಗುಂಡಿ ಮಾಡಿ ಕೂರಿಸುತ್ತೇನೆ. ಅಂಟು ಹಾಕುವುದಿಲ್ಲ, ದೀಪ ಕೆಟ್ಟರೆ ಎತ್ತಬೇಕಲ್ಲ. ಬುಡದ ಸುತ್ತ ಜರಡಿ ಹಿಡಿದ ನುಣುಪು ಮಣ್ಣು, ಎರಡು ಮೂರು ಕಡೆ ಹುಲ್ಲಿನ ಗುಪ್ಪೆ.

ಆಮೇಲೆ ಫೋನನ್ನು ಹಳಿಯ ಮಟ್ಟಕ್ಕೆ ಇಳಿಸಿ ಒಂದು ಫೋಟೊ ತೆಗೆಯುತ್ತೇನೆ. ಕಣ್ಣು ಬಿಟ್ಟುಬಿಡುವುದನ್ನು ಫೋಟೊ ಬಿಡುವುದಿಲ್ಲ. ಹೋದ ವಾರ ಗೂಡ್ಸ್ ಶೆಡ್ಡನ್ನು ಹಾಗೆ ನೋಡಿದಾಗ, ಚಿಮಣಿಯ ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಂಡಿತು. ಪೆನ್ಸಿಲ್ ಚೂಪು ಮಾಡಿಕೊಂಡು ಮತ್ತೆ ಕೂತೆ.